ದೆಹಲಿಯಿಂದ ನಿಧಿಯನ್ನು ಕರೆತರಲು ಹೋದದ್ದು

ತಿಪಟೂರಿನಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ದೆಹಲಿಗೆ ಹೋಗುವ ಟಿಕೆಟ್ಟು ಒಂದಿತ್ತು, ದೆಹಲಿಯಿಂದ ಬರುವ ಟಿಕೆಟ್ಟು ಎರಡಿದ್ದವು. ಎರಡನೆಯದು ನಿಧಿಯದು. ಬೇಸಿಗೆ ರಜೆಗೆ ಅವಳನ್ನು ಊರಿಗೆ ಕರೆತಂದು ಒಂದು ತಿಂಗಳು ನನ್ನ ಹತ್ತಿರ ಇಟ್ಟುಕೊಳ್ಳಬೇಕೆಂದು ಹೊರಟಿದ್ದೆ. ಮಕ್ಕಳೇ, ನೀವೆಲ್ಲ ಆಗ ತುಂಬ ಚಿಕ್ಕವರು. ಅಜ್ಜಿ ದಿಲ್ಲಿಗೆ ಹೋಗಿ ಏನೇನು ನೋಡಿದಳು ಎಂದು ಈಗ ಕೇಳುತ್ತೀರಿ. ಕೆಂಪುಕೋಟೆಯನ್ನು ನಾನು ದೂರದಿಂದಲೂ ನೋಡಲಿಲ್ಲ. ನೋಡಿದ್ದನ್ನು ಬರೆಯುತ್ತೇನೆ. ನಿಧಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ನಿಮ್ಮಲ್ಲಿ ಯಾರಾದರೂ ಅವಳಿಗೆ ಓದಿ ಹೇಳಿ.

ನಿಧಿ ನನ್ನ ಎರಡನೆಯ ಮಗ ಸುರೇಶನ ಮಗಳು. ದೆಹಲಿಯಲ್ಲಿ ಮೆಟ್ರೋ ರೈಲು ಹೊಸದಾಗಿ ಓಡತೊಡಗಿದ್ದ ಕಾಲ ಅದು. ಅವಳಿಗೆ ಹದಿನಾಲ್ಕು ತುಂಬಿತ್ತು, ನೋಡಿದರೆ ಹತ್ತು ವರ್ಷದವಳು ಎನ್ನಬೇಕು. ಚಿಕ್ಕಂದಿನಿಂದ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆಯುಬ್ಬರ, ಭೇದಿ, ಬಾಯಿಹುಣ್ಣು, ಸುಸ್ತು. ಓರಗೆಯ ಹುಡುಗಿಯರೆಲ್ಲ ದೊಡ್ಡವರಾಗಿದ್ದರೂ ಇವಳು ಆಗಿರಲಿಲ್ಲ. ಹಿಂದಿನ ವರ್ಷ ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಗಂಟಲಿನಿಂದ ನಳಿಗೆ ಇಳಿಸಿ ಪರೀಕ್ಷೆ ಮಾಡಿ, ಸೀಲಿಯಾಕ್ ಎಂಬ ಕಾಯಿಲೆ ಎಂದು ಹೇಳಿದರು. ಗೋಧಿ ಅವಳ ಕರುಳಿಗೆ ವಿಷ. ಚೂರು ಹೋದರೂ ಕರುಳಿನ ಒಳಮೈ ಕೆಡುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಗೋಧಿ ಬಿಡುವುದೇ ಔಷಧಿ. ಗೋಧಿಯ ಸೀಮೆಯಲ್ಲಿದ್ದುಕೊಂಡು ಹುಡುಗಿ ಒದ್ದಾಡುವುದೇಕೆ, ಅನ್ನ ಉಣ್ಣುವ ನಮ್ಮೂರಿಗೆ ಬಂದರೆ ಸರಿಹೋಗುತ್ತಾಳೆ ಎಂದು ನಾನು ಎಲ್ಲರ ಮುಂದೆ ಹೇಳಿದೆ.

ಅದು ಹೇಳಿಕೊಳ್ಳುವಂಥ ಕಾರಣ. ಹೇಳಿಕೊಳ್ಳಲಾರದ ಕಾರಣ ಲಲಿತಮ್ಮ.

ಲಲಿತಮ್ಮ ಎಂದರೆ ಸುರೇಶನ ಹೆಂಡತಿ ವಾಣಿಯ ತಾಯಿ, ನನಗೆ ಬೀಗಿತ್ತಿ. ಯಜಮಾನರು ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಮದುವೆಯಾದಾಗಿನಿಂದ ಆಕೆ ದೆಹಲಿಯಲ್ಲೇ ಇದ್ದು, ಹಿಂದಿ ಇಂಗ್ಲಿಷ್ ಎರಡನ್ನೂ ನೀರು ಕುಡಿದ ಹಾಗೆ ಮಾತಾಡುವವರು. ಫೋನಿನಲ್ಲಿ ನಿಧಿಯ ಬಗ್ಗೆ ಏನು ಕೇಳಿದರೂ ಸುರೇಶ, "ಅತ್ತೆ ಇದಾರಲ್ಲಮ್ಮ, ನೋಡ್ಕೋತಾರೆ" ಎನ್ನುತ್ತಿದ್ದ. ಆ ಮಾತು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಮಗ ನನ್ನವನು, ಅವನ ಮಗಳನ್ನು ನೋಡಿಕೊಳ್ಳುವವರು ಬೇರೆಯವರು.

ಬೆಂಗಳೂರಿನಲ್ಲಿ ನನ್ನ ತಮ್ಮ ದೆಹಲಿಯ ರೈಲಿಗೆ ಹತ್ತಿಸಿ, ಎದುರು ಸೀಟಿನವಳಿಗೆ ಒಪ್ಪಿಸಿ ಹೋದ. ಅವಳು ಹಾಸನದ ಕಡೆಯವಳು. ಗಂಡ ಸೈನ್ಯದಲ್ಲಿದ್ದ, ಝಾನ್ಸಿಗೆ ಹೊರಟಿದ್ದಳು. ಬೆಳಗಾಗುವ ಹೊತ್ತಿಗೆ ಸೊಲ್ಲಾಪುರದ ಕಡೆಯ ಬಯಲು. ಮಧ್ಯಾಹ್ನ ಮನಮಾಡ ದಾಟುವಾಗ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ರೈಲಿನವರು ಊಟ ತಂದರು. ನಾನು ಬೇಡವೆಂದು ಚಪಾತಿಯ ಗಂಟು ಬಿಚ್ಚಿದೆ.

"ಯಾಕಮ್ಮ, ಅನ್ನ ತಗೊಳಲ್ವಾ?"

"ದಾರೀಲಿ ಅನ್ನ ತಿನ್ನಲ್ಲ ಕಣಮ್ಮ, ಮುಸುರೆ."

ನಿಮಗೂ ಇದು ಗೊತ್ತಿರಲಾರದು, ಮಕ್ಕಳೇ. ನಮ್ಮ ಕಾಲದ ಮಡಿಯಲ್ಲಿ ಬೆಂದ ಅನ್ನವೇ ಮುಸುರೆ. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಭರಣಿಯನ್ನಾಗಲಿ ಹಾಲನ್ನಾಗಲಿ ಮುಟ್ಟುವಂತಿಲ್ಲ. ಗೋಧಿ ಹಾಗಲ್ಲ. ಹುರಿದ ರವೆಯ ಉಪ್ಪಿಟ್ಟು, ಚಪಾತಿ ಇವೆಲ್ಲ ಫಲಾಹಾರದ ಲೆಕ್ಕ. ನಿಮ್ಮ ತಾತ ತೀರಿಕೊಂಡಂದಿನಿಂದ ಶನಿವಾರದ ರಾತ್ರಿ ನಾನು ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುವುದು ಇದರಿಂದಲೇ. ಕೈಗೆ ರವೆ ಹತ್ತಿದರೆ ಸೆರಗಿಗೆ ಒರೆಸಿಕೊಂಡರಾಯಿತು.

ಹಾಸನದವಳು ನಾನು ದೆಹಲಿಗೆ ಹೊರಟ ಕಾರಣವನ್ನೆಲ್ಲ ಕೇಳಿಸಿಕೊಂಡು, "ಮೊಮ್ಮಗಳು ಬರ್ತಾಳೆ ಅಂತೀರಾ?" ಎಂದಳು.

"ಬರದೆ ಏನು? ನಾನು ಅಜ್ಜಿ."

"ಅಲ್ಲೂ ಒಬ್ರು ಅಜ್ಜಿ ಇದಾರಲ್ಲಮ್ಮ" ಎಂದು ನಕ್ಕಳು. ಅಲ್ಲಿಂದ ಭುಸಾವಳದವರೆಗೆ ನಾನು ಅವಳ ಜತೆ ಮಾತಾಡಲಿಲ್ಲ. ಬೆಳಗಿನ ಜಾವ ಝಾನ್ಸಿಯಲ್ಲಿ ಇಳಿಯುವಾಗ ಅವಳೇ ನನ್ನ ಸೀಟಿನ ಕೆಳಗಿನ ಚೀಲಗಳನ್ನು ಎಣಿಸಿ, ಸರಿಯಾಗಿದೆ ಎಂದು ಹೇಳಿ ಹೋದಳು.

ನ್ಯೂಡೆಲ್ಲಿ ಸ್ಟೇಷನ್ನಿಗೆ ಸುರೇಶ ಬಂದಿದ್ದ. ಆಟೋದವನು ಮೀಟರು ಹಾಕಲು ಒಪ್ಪಲಿಲ್ಲ. ಸುರೇಶ ಹಿಂದಿಯಲ್ಲಿ ಜಗಳವಾಡಿ ತೊಂಬತ್ತು ರೂಪಾಯಿಗೆ ಒಪ್ಪಿಸಿದ. ಊರಿನಲ್ಲಿ ಬಾಯಿ ಬಿಡದ ಹುಡುಗ ಇಷ್ಟು ಜಗಳವಾಡುವುದನ್ನು ನಾನು ಅಂದೇ ನೋಡಿದ್ದು. ಅಗಲವಾದ ರಸ್ತೆಗಳು, ನಡುವೆ ಬೇವಿನ ಮರದ ಸಾಲು. ರಾಮಕೃಷ್ಣಪುರಂ ಹತ್ತಿರ ಬಂದಾಗ ಕಕ್ಕೆ ಮರಗಳು ಎಲೆಯೇ ಕಾಣದಂತೆ ಹಳದಿ ಹೂ ಬಿಟ್ಟಿದ್ದವು. ಬಿಸಿಗಾಳಿ ಮುಖಕ್ಕೆ ಒಲೆಯ ಬಾಯಿಯಂತೆ ಹೊಡೆಯುತ್ತಿತ್ತು. ಸುರೇಶನದು ಸರ್ಕಾರಿ ಕ್ವಾರ್ಟರ್ಸು, ಎರಡನೆಯ ಮಹಡಿ.

ಬಾಗಿಲು ತೆರೆದವರು ಲಲಿತಮ್ಮ. ಸಲ್ವಾರ್ ಕಮೀಜು ಹಾಕಿದ್ದರು.

"ಬನ್ನಿ ಬನ್ನಿ ಸಾವಿತ್ರಮ್ಮನವರೇ. ಪ್ರಯಾಣ ಸುಖವಾಯ್ತಾ? ಇದೇ ಬಾತ್‌ರೂಮು, ಆ ನಲ್ಲಿ ತಿರುಗಿಸಬೇಡಿ, ನೀರು ಕಾದಿರುತ್ತೆ."

ನನ್ನ ಮಗನ ಮನೆಗೆ ನನ್ನನ್ನು ಬರಮಾಡಿಕೊಂಡವರು ಅವರು. ಅವರಿಗೆ ಬೇರೆ ಮನೆಯಿದ್ದರೂ ನಿಧಿ ಹುಟ್ಟಿದಂದಿನಿಂದ ವಾರದ ದಿನಗಳಲ್ಲಿ ಇಲ್ಲೇ ಇರುತ್ತಿದ್ದರು. ಹಿಂದೆ ನಿಂತಿದ್ದ ನಿಧಿ ಮುಂದೆ ಬಂದು ಕಾಲು ಮುಟ್ಟಿ, "ನಮಸ್ತೆ ಊರಜ್ಜಿ" ಎಂದಳು. ಅವಳ ತಲೆ ನನ್ನ ಎದೆಯ ಮಟ್ಟಕ್ಕಿತ್ತು. ಬೆನ್ನು ಸವರಿದರೆ ಎಲುಬು ಸಿಕ್ಕಿತು. ಇನ್ನೂ ಸವರುತ್ತಿರುವಾಗಲೇ ಅವಳು ತಿರುಗಿ, "ನಾನೀ, ಭೂಖ್ ಲಗೀ ಹೈ" ಎಂದು ಹಸಿವು ಹೇಳಿಕೊಂಡು ಅವರ ಹಿಂದೆ ಅಡುಗೆಮನೆಗೆ ಹೋದಳು. ತಾಯಿಯ ತಾಯಿಗೆ ಹಿಂದಿಯಲ್ಲಿ ನಾನಿ ಎನ್ನುತ್ತಾರೆ; ಅವರು ಬರೀ ನಾನಿ. ನಾನು ಊರಿನಿಂದ ಬಂದ ಅಜ್ಜಿ.

ನಾನು ಒಯ್ದಿದ್ದ ಡಬ್ಬಿಗಳನ್ನು ಲಲಿತಮ್ಮ ಒಂದೊಂದಾಗಿ ತೆರೆದು ನೋಡಿದರು. "ಚಕ್ಕುಲಿ ಅಕ್ಕಿಹಿಟ್ಟಿಂದೇ? ಎಲ್ಲಿ ಬೀಸಿಸಿದ್ರಿ? ಮಿಲ್ಲಲ್ಲಾ? ಅದೇ ಮಿಲ್ಲಲ್ಲಿ ಗೋಧೀನೂ ಬೀಸ್ತಾರಲ್ವಾ?" ಆಮೇಲೆ ಇನ್ನೊಂದು ಡಬ್ಬಿ. "ಕೋಡುಬಳೆಗೆ ಚಿರೋಟಿ ರವೆ ಹಾಕಿದೀರಾ?"

"ಒಂಚೂರು."

"ಹಾಗಿದ್ರೆ ಎರಡೂ ಸುರೇಶನಿಗೆ. ನಿಧಿ, ಇದು ನಿಂದಲ್ಲ ಬೇಟಾ."

ನಿಧಿ ನೋಡಿಯೂ ನೋಡದವಳಂತೆ ಹೊರಟುಹೋದಳು. ನಾನು ಅಕ್ಕಿ ತೊಳೆದು, ನೆರಳಿನಲ್ಲಿ ಒಣಗಿಸಿ, ಬೆನ್ನು ನೋಯುವವರೆಗೆ ಒತ್ತಿದ ಚಕ್ಕುಲಿ ಅದು.

ಅಡುಗೆಮನೆಯನ್ನು ನೋಡಿ ನನಗೆ ದಿಗಿಲಾಯಿತು. ಮೇಲಿನ ಹಲಗೆಯಲ್ಲಿ ನಿಧಿಯ ಪಾತ್ರೆಗಳು, ಪ್ರತಿಯೊಂದರ ಹಿಡಿಗೂ ಕೆಂಪು ದಾರ. ಅವಳಿಗೆ ಬೇರೆ ಕುಕ್ಕರು, ಬೇರೆ ಸೌಟು, ಬೇರೆ ಒರೆಸುವ ಬಟ್ಟೆ. ಸುರೇಶನ ಟಿಫಿನ್ನಿಗೆ ಚಪಾತಿ ಒತ್ತಿದ ಮೇಲೆ ಲಲಿತಮ್ಮ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಟ್ಟೆ ಬದಲಾಯಿಸಿಕೊಂಡು ಬಂದು, ಆಮೇಲೆ ನಿಧಿಯ ಅಕ್ಕಿಗೆ ಕೈ ಹಾಕುತ್ತಿದ್ದರು. ಸುರೇಶನ ಮದುವೆಯ ಮಾತುಕತೆಗೆ ಬಂದಾಗ ಇದೇ ಹೆಂಗಸು, "ನಮ್ಮ ದಿಲ್ಲೀಲಿ ಈ ಮಡಿಗಿಡಿಯೆಲ್ಲ ನಡೆಯೋಲ್ಲ" ಎಂದು ನಕ್ಕಿದ್ದರು. ಈಗ ನನ್ನ ಅತ್ತೆಯೂ ಮಾಡದಂಥ ಮಡಿ ಮಾಡುತ್ತಿದ್ದರು. ನನಗೆ ಬರುತ್ತಿದ್ದದ್ದು ಅದೊಂದು ವಿದ್ಯೆ, ಅದನ್ನೂ ಅವರು ತೆಗೆದುಕೊಂಡಿದ್ದರು. ಸಹಾಯ ಮಾಡೋಣವೆಂದು ಕೆಂಪು ದಾರದ ಪಾತ್ರೆಯೊಂದಕ್ಕೆ ಕೈ ಚಾಚಿದೆ.

"ಮುಟ್ಟಬೇಡಿ!"

ನಾನು ಕೈ ಹಿಂದಕ್ಕೆಳೆದುಕೊಂಡೆ. ಆಯುಷ್ಯವೆಲ್ಲ ನಾನು ಬೇರೆಯವರಿಗೆ ಹೇಳಿಕೊಂಡು ಬಂದ ಮಾತು ಅದು.

ಬುದ್ಧಪೂರ್ಣಿಮೆಗೆ ರಜೆ ಬಂತು. ಎಲ್ಲರೂ ಲಲಿತಮ್ಮನ ಮನೆಗೆ ಗ್ರೇಟರ್ ನೋಯ್ಡಾಕ್ಕೆ ಹೋದೆವು. ಅವರ ಯಜಮಾನರು, ರಾಯರು, ಕಾರು ಓಡಿಸಿದರು. ಯಮುನೆಯನ್ನು ದಾಟಿದೆವು. ನೀರು ಕಪ್ಪಾಗಿತ್ತು, ಆದರೂ ಕೈ ಮುಗಿದೆ. ಒಂದೂವರೆ ಗಂಟೆಯ ದಾರಿ. ಆಚೆ ಬಟಾಬಯಲು, ನಡುನಡುವೆ ಕಟ್ಟುತ್ತಿರುವ ಎತ್ತರದ ಮನೆಗಳು, ಮರವೇ ಇಲ್ಲ. ಕಾರಿನಲ್ಲಿ ನಿಧಿ, ಶಾಲೆಯವರು ಮಸ್ಸೂರಿಗೆ ಕರೆದುಕೊಂಡು ಹೋಗುವ ವಿಷಯ ತೆಗೆದಳು.

"ಮಮ್ಮಾ, ಪೂರಾ ಕ್ಲಾಸ್ ಹೋಗ್ತಿದೆ. ಸಿರ್ಫ್ ನಾನೊಬ್ಬಳೇ..."

"ಆ ಮಾತು ಮುಗಿದಿದೆ" ಎಂದಳು ವಾಣಿ. "ಅಲ್ಲಿ ನಿನ್ನ ಊಟ ಯಾರು ನೋಡ್ತಾರೆ?"

"ಅದೇ ಮತ್ತೆ" ಎಂದರು ಲಲಿತಮ್ಮ. "ಅದೇ ಮತ್ತೆ" ಎಂದೆ ನಾನೂ. ನಾವಿಬ್ಬರೂ ಒಪ್ಪಿದ ಮೊದಲನೆಯ ಮಾತು ಅದು.

ಆ ಮನೆಯಲ್ಲಿ ಗೋಧಿಯ ಒಂದು ಕಾಳೂ ಇರಲಿಲ್ಲ. ರಾಯರೂ ಲಲಿತಮ್ಮನೂ ಒಂದು ವರ್ಷದಿಂದ ಚಪಾತಿ ಬಿಟ್ಟಿದ್ದರು. ಸುರೇಶನ ಮನೆಯಲ್ಲಿ ಬೆಕ್ಕಿನಂತೆ ಮೂಲೆಯಲ್ಲಿ ಕೂರುತ್ತಿದ್ದ ನಿಧಿ ಇಲ್ಲಿ ಯಾರನ್ನೂ ಕೇಳದೆ ಫ್ರಿಜ್ಜು ತೆಗೆದಳು, ಡಬ್ಬಿಗಳಿಗೆ ಕೈ ಹಾಕಿದಳು, ತಿಂದಳು, ಚೆಲ್ಲಿದಳು, ಆಮೇಲೆ ಸೋಫಾದ ಮೇಲೆ ಮಲಗಿ ನಾನಿಯ ತೊಡೆಗೆ ಕಾಲು ಚಾಚಿದಳು. ಲಲಿತಮ್ಮ ಪೇಪರು ಓದುತ್ತಲೇ ಆ ಪಾದಗಳನ್ನು ಒತ್ತುತ್ತಿದ್ದರು. ನಾನು ಎದುರಿನ ಕುರ್ಚಿಯಲ್ಲಿದ್ದೆ. ನನ್ನ ತೊಡೆಯ ಮೇಲೆ ನನ್ನ ಕೈಚೀಲವಿತ್ತು.

"ನಿಧಿ, ಊರಿಗೆ ಬರ್ತೀಯಾ ನನ್ನ ಜತೆ?" ಎಂದೆ.

"ಅಲ್ಲಿ ಕೂಲರ್ ಇದೆಯಾ ಅಜ್ಜಿ?"

"ಕೂಲರ್ ಯಾಕೆ, ತಣ್ಣನೆ ಗಾಳಿ ಇದೆ."

"ಇಲ್ಲಿ ಸ್ವಿಮ್ಮಿಂಗ್ ಪೂಲ್ ಇದೆ" ಎಂದರು ಲಲಿತಮ್ಮ, ಪೇಪರಿನಿಂದ ಕಣ್ಣೆತ್ತದೆ. "ರಜೆಯೆಲ್ಲ ಇಲ್ಲೇ ಅಂತ ನಾವು ಅಂದ್ಕೊಂಡಿದೀವಿ."

ನಿಧಿ ನನ್ನನ್ನೂ ನೋಡಿದಳು, ಅವರನ್ನೂ ನೋಡಿದಳು. "ಸೋಚೂಂಗೀ" ಎಂದಳು. ಯೋಚನೆ ಮಾಡುತ್ತೇನೆ ಎಂದು ಅರ್ಥ, ಸುರೇಶ ಹೇಳಿದ.

ಆ ವಾರದ ಶನಿವಾರ ಲಲಿತಮ್ಮ ನೋಯ್ಡಾದಲ್ಲಿದ್ದರು. ಸುರೇಶ, ವಾಣಿ ಸಾಮಾನು ತರಲು ಹೋಗಿದ್ದರು. ಕರೆಂಟು ಹೋಗಿತ್ತು. ರಾತ್ರಿಯ ಫಲಾಹಾರಕ್ಕೆಂದು ನಾನು ರವೆ ಜರಡಿ ಹಿಡಿದು ಹುರಿದಿಡುತ್ತಿದ್ದೆ. ಟ್ಯೂಷನ್ನಿನಿಂದ ನಿಧಿ ಬೆವರಿಳಿಸಿಕೊಂಡು ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಜ್ಜಿ, ದಹೀ ಚಾವಲ್ ಕಲಸಿಕೊಡ್ತೀಯಾ? ಪಪ್ಪಾ ಹೇಳ್ತಾರೆ, ನೀನು ಕೈತುತ್ತು ಕೊಡ್ತಿದ್ದೆ ಅಂತ" ಎಂದಳು.

ಊರಜ್ಜಿ ಎನ್ನಲಿಲ್ಲ, ಅಜ್ಜಿ ಎಂದಳು. ನನಗೆ ಮೈಯೆಲ್ಲ ಹೂವಾಯಿತು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೆಂಪು ದಾರದ ಪಾತ್ರೆಯಿಂದ ಅನ್ನ ತೆಗೆದು, ಮೊಸರು ಹಾಕಿ, ಮೆತ್ತಗೆ ಕಲಸಿದೆ. ನೆಲದ ಮೇಲೆ ಕೂತು ಒಂದೊಂದೇ ತುತ್ತು ಅವಳ ಅಂಗೈಗೆ ಹಾಕಿದೆ. ಎರಡು ಸಲ ಅನ್ನ ಹಾಕಿಸಿಕೊಂಡಳು.

"ನಾನಿಯದು ಹೀಗೆ ಇರಲ್ಲ" ಎಂದಳು.

"ಹೇಗಿರುತ್ತೆ?"

"ಸೂಖಾ ಸೂಖಾ."

ಮಕ್ಕಳೇ, ನಾನು ನಕ್ಕುಬಿಟ್ಟೆ. ಪಾಪ, ಲಲಿತಮ್ಮನ ಮೊಸರನ್ನ ಒಣಕಲು!

ಸಂಜೆಗೆ ನಿಧಿಗೆ ಹೊಟ್ಟೆ ಹಿಂಡತೊಡಗಿತು. ಆಮೇಲೆ ವಾಂತಿ, ಭೇದಿ. ಬಾತ್‌ರೂಮಿನಿಂದ ಹಾಸಿಗೆಗೆ, ಹಾಸಿಗೆಯಿಂದ ಬಾತ್‌ರೂಮಿಗೆ. ಮಂಡಿ ಮಡಚಿ ಹೊಟ್ಟೆ ಒತ್ತಿಕೊಂಡು ಮಲಗಿದರೆ ಅವಳು ಹತ್ತು ವರ್ಷದವಳಂತೆಯೂ ಕಾಣುತ್ತಿರಲಿಲ್ಲ. ಒಮ್ಮೆ ಗೋಧಿ ಹೊಕ್ಕರೆ ದಿನಗಟ್ಟಲೆ ಹೀಗೇ ಎಂದು ವಾಣಿ ಹೇಳಿದಳು. ಬೆಳಿಗ್ಗೆ ಲಲಿತಮ್ಮ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಏನು ತಿಂದಳು?"

"ಮೊಸರನ್ನ. ನಾನೇ ಕೊಟ್ಟೆ. ಅವಳದೇ ಪಾತ್ರೆ, ಅವಳದೇ ತಟ್ಟೆ" ಎಂದೆ.

"ಅದಕ್ಕೆ ಮುಂಚೆ ನೀವೇನು ಮಾಡ್ತಿದ್ರಿ?"

"ರವೆ ಜರಡಿ ಹಿಡೀತಿದ್ದೆ."

"ಕೈ?"

"ಒರೆಸ್ಕೊಂಡೆ."

"ಒರೆಸ್ಕೊಂಡ್ರಾ! ರವೆ ಗೋಧಿ ಅಲ್ವೇನ್ರೀ? ಕೋಡುಬಳೆ ದಿನ ನಾನು ಹೇಳಲಿಲ್ವಾ?"

"ಗೋಧಿ ಅಂತ ಗೊತ್ತು. ಆದ್ರೆ ಅದು ಮುಸುರೆ ಅಲ್ಲವಲ್ಲ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅನ್ನ ಮುಟ್ಟಿದ್ದರೆ ನನ್ನ ಕೈ ತಾನಾಗಿಯೇ ನಲ್ಲಿಯ ಕಡೆಗೆ ಹೋಗುತ್ತಿತ್ತು. ರವೆಗೆ ಹೋಗಲಿಲ್ಲ. ಬುದ್ಧಿಗೆ ತಿಳಿದದ್ದು ಕೈಗೆ ತಿಳಿದಿರಲಿಲ್ಲ.

ಲಲಿತಮ್ಮ ಸುಮ್ಮನಾಗಲಿಲ್ಲ. "ಇಂಥ ಕೈಗೆ ಒಪ್ಪಿಸಿ ಒಂದು ತಿಂಗಳು ಊರಿಗೆ ಕಳಿಸ್ಬೇಕಾ? ಸುತರಾಂ ಸಾಧ್ಯವಿಲ್ಲ. ವಾಣಿ, ನೀನೇ ಹೇಳು." ಹಾಸಿಗೆಯ ಪಕ್ಕ ಕೂತಿದ್ದ ವಾಣಿ ತಲೆ ತಗ್ಗಿಸಿದಳು. ಸುರೇಶ ಔಷಧಿ ಅಂಗಡಿಗೆ ಹೋಗಿದ್ದ. ನನ್ನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ನಾನು ಜೋರಾಗಿ ಮಾತಾಡುವವಳಲ್ಲ ಎಂದು ನಿಮಗೆ ಗೊತ್ತು. ಅವತ್ತು ಆಡಿದೆ.

"ನನ್ನ ಕೈ ಒಂದು ದಿನ ತಪ್ಪಿತು ಲಲಿತಮ್ಮನವರೇ. ಹತ್ತು ಹನ್ನೆರಡು ವರ್ಷ ಅವಳಿಗೆ ದಿನಾ ಬೆಳಿಗ್ಗೆ ಪರೋಟ ತಿನ್ನಿಸಿದ ಕೈ ಯಾರದು?"

ಲಲಿತಮ್ಮ ಕುರ್ಚಿ ಹುಡುಕಿಕೊಂಡು ಕುಳಿತರು. "ನನ್ನದೇ" ಎಂದರು. "ಸಣ್ಣಗಿದಾಳೆ ಅಂತ ತುಪ್ಪ ಹಾಕಿ ಇನ್ನೂ ಒಂದು ಜಾಸ್ತಿ ತಿನ್ನಿಸ್ತಿದ್ದೆ. ಬೇಡ ಅಂತ ಅತ್ರೂ ಬಿಡ್ತಿರಲಿಲ್ಲ. ಗೊತ್ತಿರಲಿಲ್ಲವಲ್ರೀ."

ಗೆದ್ದೆ ಎನ್ನಿಸಿತು. ಹೌದು, ಒಂದು ಗಳಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಅವರು ಹೆಬ್ಬೆರಳಿನಿಂದ ಇನ್ನೊಂದು ಕೈಯ ಬೆರಳುಗಳನ್ನು ತಿಕ್ಕುತ್ತಾ ಕೂತದ್ದು ಕಣ್ಣಿಗೆ ಬಿತ್ತು. ಹಿಟ್ಟು ಅಂಟಿಕೊಂಡಿದ್ದರೆ ಬಿಡಿಸುತ್ತೇವಲ್ಲ, ಹಾಗೆ.

"ಬಸ್ ಕರೋ ನಾ!"

ಸಾಕು ಮಾಡಿ ಎಂದು ಚೀರಿ ಮುಸುಕಿನೊಳಗಿಂದ ನಿಧಿ ಎದ್ದು ಕೂತಿದ್ದಳು. ತುಟಿ ಒಣಗಿತ್ತು. "ನನ್ನ ಹೊಟ್ಟೆ ಮೇಲೆ ಇಬ್ರೂ ಯಾಕೆ ಲಡಾಯಿ ಮಾಡ್ತೀರಾ? ನಾನು ಊರಿಗೂ ಬರಲ್ಲ, ನೋಯ್ಡಾಗೂ ಬರಲ್ಲ. ಮಸ್ಸೂರಿಗೆ ಹೋಗ್ತೀನಿ."

"ತಲೆ ಕೆಟ್ಟಿದೆಯಾ? ಊಟ?" ಎಂದಳು ವಾಣಿ.

"ನಾನೇ ಮಾಡ್ಕೋತೀನಿ. ಛೋಟಾ ವಾಲಾ ಕುಕ್ಕರ್ ಕೊಡು, ಚಾವಲ್ ಮಾಡ್ಕೊಂಡ್ರೆ ಆಯ್ತು. ಮ್ಯಾಮ್‌ನ ಕೇಳಿದೀನಿ, ಹೂಂ ಅಂದಿದಾರೆ."

"ಅಲ್ಲಿ ಏನಾದ್ರೂ ತಪ್ಪಾದ್ರೆ?"

"ಆಗುತ್ತೆ. ನಿನ್ನೆ ಮನೆಯಲ್ಲೇ ಆಯ್ತಲ್ವಾ?" ಎಂದಳು ನಿಧಿ. ನನ್ನ ಕಡೆ ನೋಡಿದ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. "ಹರ್‌ಪ್ರೀತ್ ಇರ್ತಾಳೆ ಜತೆಗೆ. ಅವಳ ಮಮ್ಮಿ ನನಗೇ ಅಂತ ಅಲಗ್ ತವಾ ಇಟ್ಟಿದಾರೆ, ಮಕ್ಕೆ ಕೀ ರೋಟಿ ಮಾಡಿಕೊಡ್ತಾರೆ. ಎಷ್ಟು ಸಲ ತಿಂದಿದೀನಿ, ಏನೂ ಆಗಿಲ್ಲ."

"ಯಾರು ಆ ಹರ್‌ಪ್ರೀತ್?" ನಾನೂ ಲಲಿತಮ್ಮನೂ ಒಟ್ಟಿಗೇ ಕೇಳಿದೆವು.

"ನನ್ನ ಬೆಸ್ಟ್ ಫ್ರೆಂಡ್. ನಿ‍ಮಗೆ ಗೊತ್ತಿಲ್ಲ. ಹೊಟ್ಟೆ ಬಿಟ್ಟು ಬೇರೆ ಏನನ್ನೂ ನೀವು ನನ್ನ ಕೇಳೋದೇ ಇಲ್ಲ."

ಇಷ್ಟು ಹೇಳಿ ಮತ್ತೆ ಬಾತ್‌ರೂಮಿಗೆ ಓಡಿದಳು. ನಾವಿಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾವಳೋ ಹರ್‌ಪ್ರೀತಳ ತಾಯಿ, ಯಾವುದೋ ಮೆಕ್ಕೆಜೋಳದ ರೊಟ್ಟಿ, ಅದಕ್ಕೊಂದು ಬೇರೆ ತವಾ! ನನ್ನ ಎದೆಯಲ್ಲಿ ಇಷ್ಟು ದಿನ ಲಲಿತಮ್ಮ ಇದ್ದ ಜಾಗದಲ್ಲಿ ಈಗ ಇನ್ನೊಬ್ಬಳು ಬಂದು ಕೂತಳು.

ಸುರೇಶ ಮಗಳ ಪರ ನಿಂತ. ಮಾರನೆಯ ದಿನವೇ ನಿಧಿಯ ಹೆಸರಿನ ಟಿಕೆಟ್ಟನ್ನು ವಾಪಸು ಮಾಡಿ ಬಂದ. ನನಗೆ ಹೇಳಿಯೇ ಹೋದ, ನಾನು ಆಗಲಿ ಎಂದೆ. ಬೇರೆ ಏನು ಹೇಳಲಿ?

ನಿಧಿ ಚೇತರಿಸಿಕೊಂಡು ಗಂಜಿ ಬಿಟ್ಟು ಊಟಕ್ಕೆ ಕೂತ ದಿನದಿಂದ ಅಡುಗೆಮನೆಯ ಯಜಮಾನಿಕೆ ಅವಳದಾಯಿತು. ಲಲಿತಮ್ಮ ಚಿಕ್ಕ ಕರೆಂಟಿನ ಕುಕ್ಕರಿನಲ್ಲಿ ಖಿಚಡಿ ಮಾಡುವುದನ್ನು ಕಲಿಸಿದರು. ಬೇಯಿಸುವ ಕೆಲಸವೇ ಇಲ್ಲದ ಗೊಜ್ಜವಲಕ್ಕಿ ನನ್ನ ಪಾಲು. ಯಾರು ಪಾತ್ರೆಗೆ ಕೈ ಹಾಕಿದರೂ ನಿಧಿ, "ಪೆಹಲೇ ಹಾಥ್ ದಿಖಾವೋ" ಎಂದು ಮೊದಲು ಕೈ ತೋರಿಸಿಕೊಂಡೇ ಮುಟ್ಟಲು ಬಿಡುತ್ತಿದ್ದಳು. ನನ್ನ ಕೈಯನ್ನು ತಿರುಗಿಸಿ ಉಗುರಿನ ಸಂದಿಯನ್ನೂ ನೋಡಿದಳು. ನಾನಿಯ ಕೈಯನ್ನೂ ಅಷ್ಟೇ ಹೊತ್ತು ನೋಡಿದಳೋ ಇಲ್ಲವೋ ಎಂದು ನಾನು ಗಮನಿಸಿದೆ. ನೋಡಿದಳು.

ಗೊಜ್ಜಿನ ಪುಡಿಗೆ ಇಂಗು ಹಾಕಹೊರಟಾಗ ಲಲಿತಮ್ಮ ತಡೆದರು. "ಡಬ್ಬಿ ಇಂಗಿಗೆ ಗೋಧಿಹಿಟ್ಟು ಬೆರೆಸ್ತಾರೆ ಸಾವಿತ್ರಮ್ಮನವರೇ. ನನಗೂ ತಡವಾಗೇ ಗೊತ್ತಾಗಿದ್ದು. ಆರು ತಿಂಗಳು ಸಾರಿಗೆ ಹಾಕಿದ ಮೇಲೆ." ಇಂಗಿಲ್ಲದ ಗೊಜ್ಜನ್ನು ನಾನು ಮಾಡಿದ್ದು ಅದೇ ಮೊದಲು. ಅವರೂ ರುಚಿ ನೋಡಿ, "ಚೆನ್ನಾಗಿದೆ" ಎಂದರು. ಇನ್ನೊಂದು ಚಮಚ ಹಾಕಿಸಿಕೊಳ್ಳಲಿಲ್ಲ ಎನ್ನುವುದನ್ನೂ ನಾನು ನೋಡಿದೆ.

ಬ್ಯಾಗು ತುಂಬುವಾಗ ಖಿಚಡಿಯ ಅಕ್ಕಿಬೇಳೆಯ ಡಬ್ಬಿ ಮೇಲೆ, ನನ್ನ ಗೊಜ್ಜವಲಕ್ಕಿ ಕೆಳಗೆ ಇತ್ತು. ನೀರು ಕುಡಿಯುವ ನೆಪದಲ್ಲಿ ಹೋಗಿ ನನ್ನದನ್ನು ಮೇಲಿಟ್ಟೆ. ಸಂಜೆ ನೋಡಿದರೆ ಮತ್ತೆ ಅವರದೇ ಮೇಲೆ. ನಾನು ಕೈ ಹಾಕಿದಾಗ ಲಲಿತಮ್ಮ ಬಾಗಿಲಲ್ಲೇ ನಿಂತಿದ್ದರು.

"ಅವಲಕ್ಕಿ ಮುದ್ದೆಯಾಗುತ್ತೇಂತ..." ಎಂದೆ.

"ಹೌದಾ? ನಾನು ಡಬ್ಬಿ ಮುಚ್ಚಳ ಬಿಟ್ಟುಕೊಳ್ಳುತ್ತೇಂತ..." ಎಂದರು.

ಕೊನೆಗೆ ನಿಧಿ ಬಂದು ಎರಡನ್ನೂ ತೆಗೆದು ಬ್ಯಾಗಿನ ಅಡಿಗೆ ಹಾಕಿ ಮೇಲೆ ಸ್ವೆಟರು ತುರುಕಿದಳು.

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಬಸ್ಸು ನಿಂತಿತ್ತು. ಹೆಣ್ಣುಮಕ್ಕಳ ಗದ್ದಲವೋ ಗದ್ದಲ. ಹರ್‌ಪ್ರೀತಳನ್ನು ಅಲ್ಲಿ ನೋಡಿದೆ. ಎತ್ತರದ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ನಿಧಿ ಅವಳ ಭುಜಕ್ಕೂ ಬರುತ್ತಿರಲಿಲ್ಲ. ಲಲಿತಮ್ಮ ಅವಳನ್ನು ಪಕ್ಕಕ್ಕೆ ಕರೆದು, ಒಂದೇ ಚಮಚವನ್ನು ಎರಡು ಪಾತ್ರೆಗೆ ಹಾಕಬಾರದು ಎಂದೆಲ್ಲ ಹಿಂದಿಯಲ್ಲಿ ಹೇಳತೊಡಗಿದರು. ಹುಡುಗಿ ಪೂರ್ತಿ ಕೇಳಿಸಿಕೊಳ್ಳದೆ, "ಪತಾ ಹೈ ನಾನೀಜೀ, ಸಬ್ ಪತಾ ಹೈ. ಮೈ ದೇಖ್ ಲೂಂಗೀ" ಎಂದಳು. ಎಲ್ಲ ಗೊತ್ತಂತೆ, ನೋಡಿಕೊಳ್ಳುತ್ತಾಳಂತೆ. ನೋಡಿಕೊಳ್ಳುತ್ತೇನೆ ಎಂದು ಎಷ್ಟು ಸಲೀಸಾಗಿ ಹೇಳಿದಳು!

ನಿಧಿ ಎಲ್ಲರ ಕಾಲು ಮುಟ್ಟಿ ಬಸ್ಸು ಹತ್ತಿದಳು. ಕುಕ್ಕರನ್ನು ಎದೆಗವಚಿಕೊಂಡಿದ್ದಳು. ಕಿಟಕಿಯ ಪಕ್ಕ ಕೂತಳು, ಹರ್‌ಪ್ರೀತ್ ಅವಳ ಮೇಲೆ ಬಾಗಿ ಕಿವಿಯಲ್ಲಿ ಏನೋ ಹೇಳಿದಳು. ನಿಧಿ ಬಾಯಿಗೆ ಕೈ ಅಡ್ಡ ಹಿಡಿಯದೆ ಹಲ್ಲು ಬಿಟ್ಟು ನಕ್ಕಳು. ನಾನು ಬಂದಂದಿನಿಂದ ಅವಳು ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ಬಸ್ಸು ಹೊರಟಿತು.

ಎರಡು ದಿನದ ಮೇಲೆ ಸುರೇಶನ ಮೊಬೈಲಿಗೆ ಫೋನು ಬಂತು. ಆರಾಮವಾಗಿದ್ದಾಳಂತೆ. ಅನ್ನ ಒಂದು ಸಲ ತಳ ಹಿಡಿಯಿತಂತೆ, ಆಮೇಲೆ ಸರಿಯಾಯಿತಂತೆ.

"ಗೊಜ್ಜವಲಕ್ಕಿ ತಿಂದಳಂತಾ?" ಎಂದೆ.

"ಖಿಚಡಿ ಮಾಡಿದಳಂತಾ?" ಎಂದರು ಲಲಿತಮ್ಮ.

"ಎರಡನ್ನೂ ಹರ್‌ಪ್ರೀತ್ ತಿಂದು ಮುಗಿಸಿದಳಂತೆ" ಎಂದ ಸುರೇಶ.

ಹುಡುಗಿಯರು ಮಸ್ಸೂರಿಯಿಂದ ಬರುವ ಮೊದಲೇ ನನ್ನ ರೈಲಿನ ದಿನ ಬಂತು. ಸ್ಟೇಷನ್ನಿಗೆ ಸುರೇಶನ ಜತೆ ಲಲಿತಮ್ಮನೂ ಬಂದರು. ನಾನು ಬೇಡವೆಂದಿದ್ದೆ. ಅವತ್ತು ಸೀರೆ ಉಟ್ಟಿದ್ದರು. ಸುರೇಶ ನೀರಿನ ಬಾಟಲಿ ತರಲು ಹೋದ. ನಾನು ಕಿಟಕಿಯ ಒಳಗೆ, ಅವರು ಪ್ಲಾಟ್‌ಫಾರಂ ಮೇಲೆ. ಕೂಲಿಗಳ ಓಡಾಟವನ್ನು ಇಬ್ಬರೂ ನೋಡುತ್ತಿದ್ದೆವು.

"ಸಾವಿತ್ರಮ್ಮನವರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ" ಎಂದರು ಅವರು. ಕಿಟಕಿಯ ಸರಳು ಹಿಡಿದುಕೊಂಡಿದ್ದರು. "ಅವತ್ತು ಬಸ್ಸು ತಿರುಗೋವಾಗ ನಿಧಿ ನಿಮ್ಮ ಕಡೆ ನೋಡಿದಳಾ?"

ಅಷ್ಟು ದಿನ ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಇಲ್ಲ. ನಿಮ್ಮ ಕಡೆ?"

"ಇಲ್ಲ ಕಣ್ರೀ."

"ಸದ್ಯ" ಎಂದುಬಿಟ್ಟೆ. ಬಾಯಿಂದ ಜಾರಿದ ಮಾತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಲಲಿತಮ್ಮ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಯುವ ಹಾಗೆ ನಗತೊಡಗಿದರು. "ನಾನೂ ಈಗ ಅದನ್ನೇ ಅನ್ನೋಳಿದ್ದೆ" ಎಂದರು. ನನಗೂ ನಗು ಬಂತು. ನೀರಿನ ಬಾಟಲಿ ಹಿಡಿದು ಬಂದ ಸುರೇಶ, ಏನಾಯಿತಮ್ಮ ಎಂದು ಕೇಳಿದ. ಇಬ್ಬರೂ ಹೇಳಲಿಲ್ಲ.

ರೈಲು ಅಲುಗಿತು. ಲಲಿತಮ್ಮ ಸರಳು ಬಿಟ್ಟು ಎರಡು ಹೆಜ್ಜೆ ಜತೆಗೇ ನಡೆದು ನಿಂತರು. ನಾನು ಕಿಟಕಿಗೆ ಕೆನ್ನೆ ಒತ್ತಿ ಹಿಂದಕ್ಕೆ ನೋಡಿದೆ, ಅವರು ಕಾಣುವಷ್ಟು ದೂರವೂ ನೋಡಿದೆ. ಆ ಹುಡುಗಿ ನೋಡದಿದ್ದರೇನಂತೆ, ನಾನಾದರೂ ಅವರ ಕಡೆ ತಿರುಗಿ ನೋಡಬೇಕಲ್ಲ.